ವಲಸೆಯ ವಿಷಯದಲ್ಲಿ ಬ್ರಿಟನ್ನಿನ ಮತದಾರರು ಯಾರನ್ನು ನಂಬುತ್ತಾರೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಬ್ರಿಟನ್ನಿನ ವಲಸೆ ನೀತಿಯ ಕುರಿತು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಅಲ್ಲಿ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವ ಮಕ್ಕಳ ತಂದೆತಾಯಿಯರೇ ಹೆಚ್ಚಾಗಿ ಬರೆದಿದ್ದಾರೆ. ಅವರ ಆತಂಕಕ್ಕೆ ಕಾರಣವಿದೆ. ಆದ್ದರಿಂದ ಪಕ್ಷಗಳ ಘೋಷಣೆಗಳ ಜೊತೆಗೆ, ಅಲ್ಲಿನ ಮತದಾರರು ಆ ಘೋಷಣೆಗಳನ್ನು ಹೇಗೆ ತೂಗಿ ನೋಡುತ್ತಾರೆ ಎಂಬುದನ್ನೂ ವಿವರಿಸಲು ಪ್ರಯತ್ನಿಸಿದ್ದೇವೆ.

ಪ್ರಶ್ನೆ: ವಲಸೆಯ ವಿಷಯದಲ್ಲಿ ಕನ್ಸರ್ವೇಟಿವ್ ಪಕ್ಷ ಕಠಿಣ, ಲೇಬರ್ ಪಕ್ಷ ಮೃದು ಎಂದು ಓದುತ್ತ ಬಂದಿದ್ದೇವೆ. ಅಲ್ಲಿನ ಜನರಿಗೆ ವಲಸೆ ಕಡಿಮೆಯಾಗಬೇಕೆಂಬ ಬಯಕೆ ಅಷ್ಟೊಂದು ಇದ್ದರೆ 2024ರಲ್ಲಿ ಕಠಿಣ ಪಕ್ಷವೇ ನೆಲ ಕಚ್ಚಿದ್ದೇಕೆ? ಗೆದ್ದು ಬಂದ ಲೇಬರ್ ಪಕ್ಷವೂ ಅದೇ ದಾರಿ ಹಿಡಿದಿರುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಹೇಳಿದ ಎರಡು ಹಣೆಪಟ್ಟಿಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿದೆ. ಅವು ಅಂಟಿಕೊಂಡ ಬಗೆಯನ್ನು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. 1964 ಮತ್ತು 1966ರ ಚುನಾವಣೆಗಳ ಹೊತ್ತಿಗೆ ಸಂಶೋಧಕರು ಮತದಾರರನ್ನು ಕೇಳಿದಾಗ, ವಲಸೆಯನ್ನು ತಡೆಯುವ ವಿಷಯದಲ್ಲಿ ಎರಡೂ ದೊಡ್ಡ ಪಕ್ಷಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಎಂದವರೇ ಹೆಚ್ಚಿದ್ದರು. 1970ರ ಹೊತ್ತಿಗೆ ಬಹುಪಾಲು ಜನ ಕನ್ಸರ್ವೇಟಿವ್ ಪಕ್ಷವೇ ಬಿಗಿಯಾದ ಪಕ್ಷವೆಂದು ಹೇಳತೊಡಗಿದರು. ಈ ನಡುವೆ ನಡೆದದ್ದು 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕನ್ಸರ್ವೇಟಿವ್ ನಾಯಕ ಈನಾಕ್ ಪೊವೆಲ್ ಮಾಡಿದ ವಲಸೆ ವಿರೋಧಿ ಭಾಷಣ. ಪಕ್ಷದ ಮುಖ್ಯಸ್ಥ ಎಡ್ವರ್ಡ್ ಹೀತ್ ತಕ್ಷಣವೇ ಅವರನ್ನು ತಮ್ಮ ಛಾಯಾ ಸಂಪುಟದಿಂದ, ಅಂದರೆ ಸಚಿವರಿಗೆ ಎದುರಾಗಿ ವಿರೋಧ ಪಕ್ಷ ನೇಮಿಸಿಕೊಳ್ಳುವ ತಂಡದಿಂದ ಹೊರಹಾಕಿದರು. ಆದರೂ ಜನರ ಮನಸ್ಸಿನಲ್ಲಿ ಪೊವೆಲ್ ಅವರ ಮಾತು ಪಕ್ಷದ ಮಾತಾಗಿಯೇ ಉಳಿಯಿತು.

ಆಗಿನ ಸರ್ಕಾರಗಳು ನಿಜವಾಗಿ ಮಾಡಿದ್ದು ಈ ಚಿತ್ರಕ್ಕೆ ಹೊಂದುವುದಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಕೀನ್ಯಾದಿಂದ ಹೊರಟಿದ್ದ ಭಾರತೀಯ ಮೂಲದವರನ್ನು ತಡೆಯುವ ಕಾನೂನನ್ನು 1968ರಲ್ಲಿ ಮೂರೇ ದಿನಗಳಲ್ಲಿ ಸಂಸತ್ತಿನಲ್ಲಿ ಅಂಗೀಕರಿಸಿಕೊಂಡದ್ದು ಲೇಬರ್ ಸರ್ಕಾರ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದಿಂದ ಹೊರದೂಡಿದ ಸುಮಾರು 27,000 ಏಷ್ಯನ್ನರನ್ನು ಬರಮಾಡಿಕೊಂಡದ್ದು ಹೀತ್ ಅವರ ಕನ್ಸರ್ವೇಟಿವ್ ಸರ್ಕಾರ. ಮತದಾರರ ಮನಸ್ಸಿನಲ್ಲಿ ನೆಲೆ ನಿಲ್ಲುವ ಪಕ್ಷದ ಚಿತ್ರವು ಕಾನೂನಿನ ಕಡತಗಳಿಂದಲ್ಲದೆ ದೊಡ್ಡ ಧ್ವನಿಯ ಮಾತುಗಳಿಂದ ರೂಪುಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಆದರೆ ಇಂಥ ಚಿತ್ರ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಒಡೆಯುವ ಒಂದು ಸಂಗತಿಯಿದೆ: ಅಂಕಿ ಹೇಳಿ ಕೊಟ್ಟ ಮಾತು ಅಂಕಿಯಲ್ಲೇ ಸುಳ್ಳಾಗುವುದು. ಮೊದಲು ಅದರ ಬಿಸಿ ತಟ್ಟಿದ್ದು ಲೇಬರ್ ಪಕ್ಷಕ್ಕೆ. 2004ರ ಮೇ ತಿಂಗಳಲ್ಲಿ ಪೂರ್ವ ಯೂರೋಪಿನ ದೇಶಗಳು ಐರೋಪ್ಯ ಒಕ್ಕೂಟವನ್ನು ಸೇರಿದಾಗ, ಆ ದೇಶಗಳ ಕೆಲಸಗಾರರಿಗೆ ಮೊದಲ ದಿನದಿಂದಲೇ ಬಾಗಿಲು ತೆರೆದ ಹಳೆಯ ಸದಸ್ಯರು ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಮಾತ್ರ. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದು ನೆಲೆಸಬಹುದೆಂದು ಸರ್ಕಾರ ಮಾಡಿಸಿದ್ದ ಅಧ್ಯಯನ ಅಂದಾಜಿಸಿತ್ತು. ಇತರ ದೊಡ್ಡ ದೇಶಗಳೂ ಬಾಗಿಲು ತೆರೆಯುತ್ತವೆ ಎಂಬ ಊಹೆಯ ಮೇಲೆ ಆ ಅಂದಾಜು ನಿಂತಿತ್ತು, ಆದರೆ ಆ ದೇಶಗಳು ತೆರೆಯಲಿಲ್ಲ. ಬಂದವರ ಸಂಖ್ಯೆ ಅಂದಾಜಿನ ಹಲವು ಪಟ್ಟಾಯಿತು. ಮುಂದೆ 2015ರ ಚುನಾವಣೆಗೆ ಮೊದಲು ಆ ಪಕ್ಷ ‘ವಲಸೆಗೆ ನಿಯಂತ್ರಣ’ ಎಂದು ಅಚ್ಚು ಹಾಕಿಸಿದ ಕೆಂಪು ಕಾಫಿ ಮಗ್ಗುಗಳನ್ನು ಮಾರಾಟಕ್ಕಿಟ್ಟಿತು. ವಲಸೆ ಹೆಚ್ಚಾಯಿತೆಂದು ಸಿಟ್ಟಾಗಿದ್ದವರು ಆ ಮಾತನ್ನು ನಂಬಲಿಲ್ಲ, ಪಕ್ಷದೊಳಗೇ ಅನೇಕರು ಮುಜುಗರದಿಂದ ಪ್ರತಿಭಟಿಸಿದರು. ಪಕ್ಷವೊಂದು ತನ್ನ ಹೆಸರಿಗೆ ಹೊಂದದ ಮಾತನ್ನು ಆಡಿದಾಗ ಎರಡೂ ಕಡೆಯಿಂದ ಕಳೆದುಕೊಳ್ಳುತ್ತದೆ ಎಂಬುದು ಆಗಲೇ ಕಂಡಿತ್ತು.

ಕನ್ಸರ್ವೇಟಿವ್ ಪಕ್ಷದ ಕಥೆ ಇನ್ನೂ ದೀರ್ಘವಾದದ್ದು. ಒಂದು ವರ್ಷದಲ್ಲಿ ನೆಲೆಸಲು ಬಂದವರಿಂದ ಬಿಟ್ಟುಹೋದವರನ್ನು ಕಳೆದರೆ ಸಿಗುವ ನಿವ್ವಳ ವಲಸೆಯನ್ನು ಒಂದು ಲಕ್ಷದ ಕೆಳಗೆ ಇಳಿಸುತ್ತೇವೆಂದು ಡೇವಿಡ್ ಕ್ಯಾಮರಾನ್ 2010ರಲ್ಲಿ ಮಾತು ಕೊಟ್ಟರು. ಅವರ ಕಾಲದಲ್ಲಿ ಒಂದು ವರ್ಷವೂ ಅದು ಈಡೇರಲಿಲ್ಲ. ಒಕ್ಕೂಟದ ಪ್ರಜೆಗಳ ಮುಕ್ತ ಓಡಾಟವನ್ನು ತಡೆಯುವ ಅಧಿಕಾರ ಸರ್ಕಾರಕ್ಕೆ ಇರಲಿಲ್ಲವಾದ್ದರಿಂದ ಅದು ಈಡೇರುವುದೂ ಕಷ್ಟವಿತ್ತು. ಈ ಭಂಗವೇ 2016ರ ಜನಮತಗಣನೆಯಲ್ಲಿ ಐರೋಪ್ಯ ಒಕ್ಕೂಟ ಬಿಡಬೇಕೆನ್ನುವವರಿಗೆ ಬಲವಾದ ವಾದವಾಯಿತು. ಶೇಕಡಾ 51.9ರಷ್ಟು ಜನ ಬಿಡಬೇಕೆಂದರು. ಬಳಿಕ ನಡೆದದ್ದು ಗಮನಾರ್ಹ. ವಲಸೆಯೇ ದೇಶದ ದೊಡ್ಡ ಸಮಸ್ಯೆ ಎನ್ನುವವರ ಸಂಖ್ಯೆ ಸಮೀಕ್ಷೆಗಳಲ್ಲಿ ಕುಸಿಯಿತು. ನಿಯಂತ್ರಣ ಕೈಗೆ ಬಂತೆಂಬ ಸಮಾಧಾನ ಅದಕ್ಕೆ ಒಂದು ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ.

ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ, 2021ರ ಜನವರಿಯಿಂದ ಜಾರಿಗೆ ಬಂದ ಹೊಸ ವೀಸಾ ಪದ್ಧತಿಯಲ್ಲಿ ಭಾರತ, ನೈಜೀರಿಯಾ ಮೊದಲಾದ ದೇಶಗಳಿಂದ ವಿದ್ಯಾರ್ಥಿಗಳು, ನರ್ಸುಗಳು, ವೃದ್ಧರ ಆರೈಕೆಯ ಕೆಲಸದವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಉಕ್ರೇನ್ ಮತ್ತು ಹಾಂಗ್‌ಕಾಂಗ್‌ನವರಿಗೂ ವಿಶೇಷ ಅವಕಾಶ ಕೊಡಲಾಯಿತು. 2023ರ ಹೊತ್ತಿಗೆ ನಿವ್ವಳ ವಲಸೆ 9 ಲಕ್ಷವನ್ನು ದಾಟಿತು. ಈ ಬಾರಿ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಕಡೆಗೆ ಬೆರಳು ತೋರಿಸುವಂತಿರಲಿಲ್ಲ, ಏಕೆಂದರೆ ಪ್ರತಿಯೊಂದು ವೀಸಾವನ್ನೂ ಕೊಟ್ಟದ್ದು ಕನ್ಸರ್ವೇಟಿವ್ ಸರ್ಕಾರದ್ದೇ ಗೃಹ ಇಲಾಖೆ. ಒಂದು ಲಕ್ಷದ ಮಾತು ಕೊಟ್ಟ ಪಕ್ಷದ ಆಳ್ವಿಕೆಯಲ್ಲಿ ಒಂಬತ್ತು ಲಕ್ಷ ಕಂಡ ಮತದಾರ, ಆ ಪಕ್ಷ ಮುಂದೆ ಹೇಳುವ ಯಾವ ಅಂಕಿಯನ್ನೂ ನಂಬದಾದ. 2024ರ ಚುನಾವಣೆಯಲ್ಲಿ ಅದರ ಮತ ಪ್ರಮಾಣ ಶೇ. 43.6ರಿಂದ 23.7ಕ್ಕೆ ಇಳಿಯಿತು. ಬೆಲೆಯೇರಿಕೆ, ಆಸ್ಪತ್ರೆಗಳ ಸ್ಥಿತಿ, ಪ್ರಧಾನಿಗಳ ಅವಾಂತರಗಳೂ ಸೋಲಿಗೆ ಕಾರಣವಾದವು, ಆದರೆ ವಲಸೆಯ ಕಾರಣಕ್ಕೆ ಬೇಸತ್ತವರು ಹೊರಟದ್ದು ಲೇಬರ್ ಕಡೆಗಲ್ಲ, ನೈಜೆಲ್ ಫರಾಜ್ ಅವರ ರಿಫಾರ್ಮ್ ಯುಕೆ ಪಕ್ಷದ ಕಡೆಗೆ. ಆ ಪಕ್ಷ ಶೇ. 14.3 ಮತ ಪಡೆಯಿತು. ನಮ್ಮಲ್ಲಿರುವಂತೆಯೇ ಆಯಾ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿ ಅಲ್ಲಿಯೂ ಇರುವುದರಿಂದ ಅದಕ್ಕೆ ಸಿಕ್ಕಿದ್ದು ಐದೇ ಸ್ಥಾನ. ಅದೇ ಸಮಯದಲ್ಲಿ ಶೇ. 12.2 ಮತ ಪಡೆದ ಲಿಬರಲ್ ಡೆಮಾಕ್ರಟರಿಗೆ 72 ಸ್ಥಾನ ಸಿಕ್ಕಿತು.

ಲೇಬರ್ ಪಕ್ಷ ಈಗ ಬಿಗಿಯಾದದ್ದು ಈ ಮತಗಳ ಭಯದಿಂದಲೇ. 2025ರ ಮೇ 1ರಂದು ನಡೆದ ರನ್‌ಕಾರ್ನ್ ಉಪಚುನಾವಣೆಯಲ್ಲಿ ಲೇಬರ್ ತನ್ನ ಭದ್ರ ಕ್ಷೇತ್ರವನ್ನು ಕೇವಲ 6 ಮತಗಳಿಂದ ರಿಫಾರ್ಮ್‌ಗೆ ಕಳೆದುಕೊಂಡಿತು. ಅದೇ ತಿಂಗಳ 12ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಸರ್ಕಾರದ ಹೊಸ ವಲಸೆ ನೀತಿಯನ್ನು ತಿಳಿಸುವ ಶ್ವೇತಪತ್ರವನ್ನು ಬಿಡುಗಡೆ ಮಾಡಿ, ದೇಶ ‘ಅಪರಿಚಿತರ ದ್ವೀಪ’ವಾಗುವ ಅಪಾಯವಿದೆ ಎಂದರು. ಆ ಮಾತು ಪೊವೆಲ್ ಅವರನ್ನು ನೆನಪಿಸಿತೆಂದು ಸ್ವಪಕ್ಷೀಯರೇ ನೊಂದುಕೊಂಡರು. ಮುಂದಿನ ತಿಂಗಳೇ ಸ್ಟಾರ್ಮರ್ ಆ ಪದಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಕಠಿಣತೆ ಬಯಸುವವರಿಗೆ ವಿಷಾದ ದೌರ್ಬಲ್ಯವಾಗಿ ಕಂಡಿತು, ಉದಾರ ಮನಸ್ಸಿನವರಿಗೆ ಮೊದಲ ಮಾತೇ ಗಾಯವಾಗಿತ್ತು. ಮಗ್ಗಿನ ಪ್ರಸಂಗವೇ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿದಂತಾಯಿತು.

ಪ್ರಶ್ನೆ: ಮತದಾರರ ಅಭಿಪ್ರಾಯ ನಿಜವಾದ ಅಂಕಿಅಂಶಗಳನ್ನು ಆಧರಿಸಿರುತ್ತದೆಯೇ? ವಲಸೆ ಕಡಿಮೆಯಾದರೆ ಸರ್ಕಾರದ ಮೇಲಿನ ಸಿಟ್ಟೂ ಕಡಿಮೆಯಾಗಬೇಕಲ್ಲವೇ?
– ರಾಜ್ಯಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಗಬೇಕಿತ್ತು, ಆದರೆ ಆಗಿಲ್ಲ. ಒಂಬತ್ತು ಲಕ್ಷ ದಾಟಿದ್ದ ನಿವ್ವಳ ವಲಸೆ 2025ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಸುಮಾರು 2,04,000ಕ್ಕೆ ಇಳಿಯಿತು. ಈ ಇಳಿಕೆಗೆ ಮುಖ್ಯ ಕಾರಣ, ಹಿಂದಿನ ಕನ್ಸರ್ವೇಟಿವ್ ಸರ್ಕಾರ ತನ್ನ ಕೊನೆಯ ತಿಂಗಳುಗಳಲ್ಲಿ ತಂದ ನಿರ್ಬಂಧಗಳು. 2024ರ ಜನವರಿಯಿಂದ ಬಹುಪಾಲು ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿರಲಿಲ್ಲ, ಮಾರ್ಚ್‌ನಿಂದ ಆರೈಕೆ ಕೆಲಸದವರಿಗೂ ಅದೇ ನಿಷೇಧ ಬಂತು, ಏಪ್ರಿಲ್‌ನಲ್ಲಿ ಕೌಶಲದ ಉದ್ಯೋಗಕ್ಕೆ ಬೇಕಾದ ವಾರ್ಷಿಕ ವೇತನದ ಮಿತಿ 26,200 ಪೌಂಡಿನಿಂದ 38,700 ಪೌಂಡಿಗೆ ಏರಿತು. ಫಲ ಕಂಡದ್ದು ಲೇಬರ್ ಕಾಲದಲ್ಲಿ. ಆದರೂ ಇಳಿಕೆಯ ಶ್ರೇಯಸ್ಸು ಎರಡೂ ಪಕ್ಷಗಳಿಗೆ ದಕ್ಕಲಿಲ್ಲ. ವಲಸೆ ಏರುತ್ತಲೇ ಇದೆ ಎಂದು ಬಹಳಷ್ಟು ಜನ ಸಮೀಕ್ಷೆಗಳಲ್ಲಿ ಹೇಳುತ್ತ ಬಂದಿದ್ದಾರೆ.

ಇದಕ್ಕೆ ಜನರ ಅಜ್ಞಾನವೊಂದೇ ಕಾರಣ ಎನ್ನುವುದು ಅವಸರದ ತೀರ್ಪಾಗುತ್ತದೆ. ವಲಸಿಗ ಎಂದಾಗ ಸಾಮಾನ್ಯ ಮತದಾರನ ಕಣ್ಣಮುಂದೆ ಬರುವುದು ಬೆಂಗಳೂರಿನಿಂದ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿಯುವ ಎಂಜಿನಿಯರ್ ಅಲ್ಲ. ಫ್ರಾನ್ಸಿನ ತೀರದಿಂದ ರಬ್ಬರ್ ದೋಣಿಯಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿ ಡೋವರ್ ಸೇರುವ ಯುವಕ. 2018ರಲ್ಲಿ ಹೀಗೆ ಬಂದವರು 299 ಮಂದಿ, 2022ರಲ್ಲಿ 45,000ಕ್ಕೂ ಹೆಚ್ಚು. ಅದೇ 2022ರಲ್ಲಿ ಎಲ್ಲ ದಾರಿಗಳಿಂದ ನೆಲೆಸಲು ಬಂದವರು 10 ಲಕ್ಷಕ್ಕೂ ಮೀರಿದ್ದರು. ದೋಣಿಯವರು ಒಟ್ಟಿನಲ್ಲಿ ಸಣ್ಣ ಪಾಲು. ಆದರೆ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ ತೊಟ್ಟು ಇಳಿಯುವ ಆ ಜನರ ದೃಶ್ಯ ಪ್ರತಿ ಸಂಜೆ ಟಿ.ವಿ.ಯಲ್ಲಿ ಬರುತ್ತದೆ, ಊರಿನ ಹೋಟೆಲುಗಳಲ್ಲಿ ಸರ್ಕಾರಿ ಖರ್ಚಿನಲ್ಲಿ ಅವರ ವಸತಿಯಾಗುತ್ತದೆ. ಗಡಿ ಸರ್ಕಾರದ ಹಿಡಿತದಲ್ಲಿ ಇಲ್ಲ ಎಂಬ ಭಾವನೆ ಬೆಳೆಯುವುದು ಅಲ್ಲಿಂದ. ಪ್ರಧಾನಿಯಾಗಿದ್ದ ರಿಷಿ ಸುನಕ್ 2023ರಲ್ಲಿ ‘ದೋಣಿಗಳನ್ನು ನಿಲ್ಲಿಸಿ’ ಎಂದು ಬರೆದ ಪೀಠದ ಹಿಂದೆ ನಿಂತು ಪತ್ರಿಕಾಗೋಷ್ಠಿ ನಡೆಸುತ್ತಿದ್ದರು. ದೋಣಿಗಳು ನಿಲ್ಲಲಿಲ್ಲ. ದಾಟಿ ಬಂದವರನ್ನು ರುವಾಂಡಕ್ಕೆ ಕಳುಹಿಸುವ ಯೋಜನೆಯನ್ನು 2022ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು, 2023ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರವೆಂದಿತು, 2024ರ ಜುಲೈನಲ್ಲಿ ಲೇಬರ್ ಸರ್ಕಾರ ಕೈಬಿಟ್ಟಿತು. ಅಷ್ಟರಲ್ಲಿ ರುವಾಂಡ ತಲುಪಿದ್ದವರು ಸ್ವಇಚ್ಛೆಯಿಂದ ಹೊರಟ 4 ಮಂದಿ.

ಹೀಗೆ ಕಾಣುವುದರ ಮೇಲೆ ನಿಂತ ಅಭಿಪ್ರಾಯದ ಅಪಾಯವನ್ನೂ ಹೇಳಬೇಕು. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಎಳೆಯ ಬಾಲಕಿಯರು ಚೂರಿ ದಾಳಿಗೆ ಬಲಿಯಾದಾಗ, ಕೊಂದವನು ದೋಣಿಯಲ್ಲಿ ಬಂದ ನಿರಾಶ್ರಿತನೆಂಬ ಸುಳ್ಳು ಗಂಟೆಗಳಲ್ಲಿ ಹಬ್ಬಿತು. ಆತ ಕಾರ್ಡಿಫ್‌ನಲ್ಲಿ ಹುಟ್ಟಿದವನು. ಆದರೂ ಗಲಭೆಗಳು ನಡೆದವು, ರಾದರ್‌ಹ್ಯಾಮ್ ಬಳಿ ನಿರಾಶ್ರಿತರಿದ್ದ ಹೋಟೆಲಿಗೆ ಬೆಂಕಿ ಹಚ್ಚುವ ಪ್ರಯತ್ನ ನಡೆಯಿತು. ಅಂಥ ವಾರಗಳಲ್ಲಿ ನಮ್ಮವರೂ ಮನೆಯಿಂದ ಹೊರಡಲು ಹೆದರಿದ್ದನ್ನು ಅನೇಕ ಪತ್ರಗಳು ತಿಳಿಸಿವೆ. ರಾಜಕೀಯ ಪಕ್ಷಗಳು ಈ ಭಯದ ಹೊಣೆಯಿಂದ ಕೈತೊಳೆದುಕೊಳ್ಳಲು ಆಗದು.

ನಿಮ್ಮ ಅಧ್ಯಯನಕ್ಕೆ ನೆರವಾಗುವ ಒಂದು ಊರಿನ ಉದಾಹರಣೆ ಕೊಡುತ್ತೇನೆ. ಲಿಂಕನ್‌ಶೈರಿನ ಬಾಸ್ಟನ್ ತರಕಾರಿ ಬೆಳೆಯುವ ಸೀಮೆಯ ಸಣ್ಣ ಪಟ್ಟಣ. ಕೋಸು, ಹೂಕೋಸು ಕೊಯ್ಯುವ, ಅವನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ 2004ರ ಬಳಿಕ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾಗಳಿಂದ ಸಾವಿರಾರು ಜನ ಬಂದರು. 2016ರಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು, ಶೇ. 75.6ರಷ್ಟು ಜನ ಒಕ್ಕೂಟ ಬಿಡಬೇಕೆಂದು ಮತ ಹಾಕಿದ್ದು ಅಲ್ಲಿ. 2024ರಲ್ಲಿ ರಿಫಾರ್ಮ್ ಗೆದ್ದ ಐದು ಕ್ಷೇತ್ರಗಳಲ್ಲಿ ಅದನ್ನೊಳಗೊಂಡ ಕ್ಷೇತ್ರವೂ ಒಂದು. ವಲಸಿಗರ ಪಾಲು ಅದಕ್ಕಿಂತ ಬಹಳ ಹೆಚ್ಚಿರುವ ಲಂಡನ್‌ನಲ್ಲಿ ಜನ ಒಕ್ಕೂಟದಲ್ಲೇ ಉಳಿಯೋಣವೆಂದರು. ವಲಸಿಗರ ಸಂಖ್ಯೆಗಿಂತ ಬದಲಾವಣೆಯ ವೇಗ ಮತದಾರನನ್ನು ಹೆಚ್ಚು ಕಲಕುತ್ತದೆ. ಶಾಲೆ, ದವಾಖಾನೆ, ಬಾಡಿಗೆ ಮನೆಗಳು ಆ ವೇಗಕ್ಕೆ ತಕ್ಕಂತೆ ಬೆಳೆಯದಿದ್ದಾಗ ಆ ಕಲಕು ಮತವಾಗಿ ಬದಲಾಗುತ್ತದೆ. ಅದೇ ಮತದಾರನನ್ನು ನರ್ಸುಗಳು, ವೈದ್ಯರು ಕಡಿಮೆ ಬರಬೇಕೇ ಎಂದು ಬಿಡಿಸಿ ಕೇಳಿದರೆ ಹೌದೆನ್ನುವುದು ಅಪರೂಪ ಎಂಬುದನ್ನೂ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ಪ್ರಶ್ನೆ: ಸುನಕ್, ಗೃಹ ಸಚಿವರಾಗಿದ್ದ ಪ್ರೀತಿ ಪಟೇಲ್, ಸುಯೆಲ್ಲಾ ಬ್ರೇವರ್ಮನ್ – ಎಲ್ಲರೂ ಭಾರತೀಯ ಮೂಲದವರು. ಇವರೇ ವಲಸಿಗರ ವಿರುದ್ಧ ಇಷ್ಟು ಕಠಿಣವಾದದ್ದು ಏಕೆ? ಅದರಿಂದ ಪಕ್ಷಕ್ಕೆ ಲಾಭವಾಯಿತೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸುನಕ್ ಅವರ ಪತ್ನಿ ಅಕ್ಷತಾ ಮೂರ್ತಿ ನಿಮ್ಮ ಊರಿನಲ್ಲೇ ಹುಟ್ಟಿದವರಾದ್ದರಿಂದ ಈ ಪ್ರಶ್ನೆ ಅಲ್ಲಿಂದ ಬಂದದ್ದು ಸಹಜ. ಈ ಮೂವರ ಕುಟುಂಬಗಳಿಗೂ ಪೂರ್ವ ಆಫ್ರಿಕಾದ ನಂಟಿದೆ. ಬ್ರಿಟಿಷ್ ಆಳ್ವಿಕೆಯ ಬೇರೊಂದು ಭಾಗದಿಂದ, ಕಾನೂನಿನ ದಾರಿಯಲ್ಲಿ ಬಂದು ಕಷ್ಟಪಟ್ಟು ಮೇಲೆ ಬಂದವರೆಂಬ ಅಭಿಮಾನ ಅಂಥ ಮನೆಗಳಲ್ಲಿ ಗಾಢವಾಗಿದೆ. ದಾರಿ ಬಿಟ್ಟು ಬರುವವರ ಬಗ್ಗೆ ಅಸಹನೆಯೂ ಅದರ ಜೊತೆಗೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗೃಹ ಸಚಿವರಾದವರು ಉತ್ತರ ಕೊಡಬೇಕಾದದ್ದು ತಮ್ಮ ಪಕ್ಷದ ಮತದಾರರಿಗೆ. ಅವರಿಂದ ಮೂಲದ ಕಾರಣಕ್ಕೆ ಬೇರೆ ನೀತಿಯನ್ನು ನಿರೀಕ್ಷಿಸುವುದು ಅವರಿಗೂ ನ್ಯಾಯವಲ್ಲ.

ಲಾಭದ ಮಾತಿಗೆ ಬಂದರೆ, ಆಗಲಿಲ್ಲ. ಕಠಿಣ ಮಾತಿನ ಸಚಿವರಿದ್ದ ಕಾಲದಲ್ಲೇ ವಲಸೆ ದಾಖಲೆಯ ಮಟ್ಟ ಮುಟ್ಟಿದ್ದರಿಂದ ಮಾತಿಗೆ ಬೆಲೆ ಉಳಿಯಲಿಲ್ಲ. ಭಾರತೀಯ ಮೂಲದ ಮತದಾರರಲ್ಲಿ ಮಾತ್ರ ಚಿತ್ರ ಸ್ವಲ್ಪ ಬೇರೆ. ಒಂದು ಕಾಲಕ್ಕೆ ಬಹುತೇಕ ಲೇಬರ್ ಪಕ್ಷದ ಬೆನ್ನಿಗಿದ್ದ ಈ ಸಮುದಾಯದಲ್ಲಿ ಕನ್ಸರ್ವೇಟಿವ್ ಬೆಂಬಲ ಬೆಳೆದಿದೆ. 2024ರಲ್ಲಿ ಆ ಪಕ್ಷ ಲೇಬರ್‌ನಿಂದ ಕಸಿದುಕೊಂಡ ಏಕೈಕ ಕ್ಷೇತ್ರ ಲೆಸ್ಟರ್ ಪೂರ್ವ. ಆದರೆ ಅಲ್ಲಿ ಲೇಬರ್‌ನ ಮಾಜಿ ಸಂಸದರೇ ಎದುರಾಗಿ ನಿಂತು ಮತ ಒಡೆದಿದ್ದರು. ಅದನ್ನು ವಲಸೆ ನೀತಿಯ ಗೆಲುವೆಂದು ಓದಬಾರದು.

ಪ್ರಶ್ನೆ: ನನ್ನ ಮಗ ನಾಲ್ಕು ವರ್ಷಗಳಿಂದ ಮ್ಯಾಂಚೆಸ್ಟರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾನೆ. ಯಾವ ಪಕ್ಷ ಬಂದರೆ ಅವನಿಗೆ ಕಷ್ಟ?
– ತಾಯಿಯೊಬ್ಬರು, ಶಿವಮೊಗ್ಗ

ಉತ್ತರ: ಪಕ್ಷದ ಹೆಸರಿನಿಂದ ಲೆಕ್ಕ ಹಾಕಬೇಡಿ ಎಂದು ಮೊದಲು ಹೇಳುತ್ತೇನೆ, ತಾಯಿ. ವೇತನದ ಮಿತಿಯನ್ನು ಒಮ್ಮೆಲೇ ಏರಿಸಿದ್ದು ಕನ್ಸರ್ವೇಟಿವ್ ಸರ್ಕಾರ, ಅದನ್ನು 2025ರ ಜುಲೈನಲ್ಲಿ ಮತ್ತೆ 41,700 ಪೌಂಡಿಗೆ ಒಯ್ದದ್ದು ಲೇಬರ್ ಸರ್ಕಾರ. ಐದು ವರ್ಷಕ್ಕೆ ಸಿಗುತ್ತಿದ್ದ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿಗೆ ಸಾಮಾನ್ಯವಾಗಿ ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾಪ ತಂದದ್ದೂ ಲೇಬರ್. ರಿಫಾರ್ಮ್ ಪಕ್ಷ 2025ರ ಸೆಪ್ಟೆಂಬರ್‌ನಲ್ಲಿ ಆ ಅನುಮತಿಯನ್ನೇ ರದ್ದು ಮಾಡುವುದಾಗಿ ಹೇಳಿತು. ಅದು ನಿಮ್ಮ ಮಗನಂಥವರಿಗೆ ಎಲ್ಲಕ್ಕಿಂತ ಗಂಭೀರವಾದದ್ದು. ಮುಂದಿನ ಸಾರ್ವತ್ರಿಕ ಚುನಾವಣೆ 2029ರ ಆಗಸ್ಟ್ ಒಳಗೆ ನಡೆಯಬೇಕು. ಮಗನ ಅರ್ಜಿಯ ದಿನಾಂಕ, ವೇತನದ ದಾಖಲೆ, ತೆರಿಗೆ ಪತ್ರಗಳು, ದೇಶದಿಂದ ಹೊರಗಿದ್ದ ದಿನಗಳ ಲೆಕ್ಕ – ಇವನ್ನು ಈಗಲೇ ಸರಿಯಾಗಿ ಇಟ್ಟುಕೊಂಡು, ಅಲ್ಲಿನ ಅಧಿಕೃತ ವಲಸೆ ಸಲಹೆಗಾರರ ಬಳಿ ನಿಯಮಗಳನ್ನು ವಿಚಾರಿಸಲು ಹೇಳಿ.

ಪ್ರಶ್ನೆ: ನಮ್ಮ ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್. ಇನ್ನೂ ಭಾರತದ ಪಾಸ್‌ಪೋರ್ಟೇ ಇದೆ. ಆದರೂ ಅಲ್ಲಿ ಮತ ಹಾಕಬಹುದೆಂದು ಯಾರೋ ಹೇಳಿದರಂತೆ. ನಿಜವೇ? ಹಾಕಿದರೆ ವೀಸಾಗೆ ತೊಂದರೆಯಾಗುವುದಿಲ್ಲವೇ?
– ದಂಪತಿ, ಮೈಸೂರು

ಉತ್ತರ: ನಿಜ, ತೊಂದರೆಯೂ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಅಂಥ ದೇಶದ ಪ್ರಜೆ, ಬ್ರಿಟನ್ನಿನಲ್ಲಿ ವಾಸಿಸುವ ಅನುಮತಿಯಿದ್ದು 18 ವರ್ಷ ತುಂಬಿದ್ದರೆ, ಸ್ಥಳೀಯ ಚುನಾವಣೆಯಲ್ಲಷ್ಟೇ ಅಲ್ಲ, ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಇದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. 2016ರ ಜನಮತಗಣನೆಯಲ್ಲಿ ದಶಕಗಳಿಂದ ಅಲ್ಲಿದ್ದ ಫ್ರೆಂಚ್, ಜರ್ಮನ್ ಪ್ರಜೆಗಳಿಗೆ ಇಲ್ಲದ ಹಕ್ಕು ಅಲ್ಲಿದ್ದ ಭಾರತೀಯ ಪ್ರಜೆಗಳಿಗೆ ಇತ್ತು.

ಪಕ್ಷಗಳು ವಲಸಿಗರ ಬಗ್ಗೆ ಮಾತನಾಡುವಾಗ ವಲಸಿಗರು ಮತದಾರರಲ್ಲ ಎಂಬಂತೆ ಮಾತನಾಡುತ್ತವೆ. ಆಸ್ಪತ್ರೆಯ ಪಾಳಿಯಲ್ಲಿ ದುಡಿಯುವ ನಿಮ್ಮ ಮಗಳಂಥವರು ಪಟ್ಟಿಯಲ್ಲಿ ಹೆಸರು ಸೇರಿಸದೆ ಉಳಿದರೆ ಆ ಭಾವನೆಯೇ ಗಟ್ಟಿಯಾಗುತ್ತದೆ. ಹೀಗಾಗಿ ಹೆಸರು ನೋಂದಾಯಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸರ್ಕಾರಿ ಜಾಲತಾಣದಲ್ಲಿ ವಿಳಾಸ, ಜನ್ಮದಿನಾಂಕ ಮತ್ತು ಸಂಬಳದ ಚೀಟಿಯಲ್ಲಿ ಇರುವ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆಯನ್ನು ತುಂಬಿದರೆ ಸಾಕು. ರಾಷ್ಟ್ರೀಯತೆಯ ಜಾಗದಲ್ಲಿ ಭಾರತೀಯಳೆಂದೇ ಬರೆಯಬೇಕು. ಹೆಸರು ಸೇರಿದ ಮೇಲೆ ಚುನಾವಣೆಗೆ ಮೊದಲು ಮತಗಟ್ಟೆಯ ವಿಳಾಸವಿರುವ ಕಾರ್ಡ್ ಮನೆಗೆ ಅಂಚೆಯಲ್ಲಿ ಬರುತ್ತದೆ.

2023ರಿಂದ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಭಾವಚಿತ್ರವಿರುವ ಗುರುತಿನ ಪತ್ರ ತೋರಿಸುವುದು ಕಡ್ಡಾಯವಾಗಿದೆ. ಅದಕ್ಕೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಒಳಗೆ ನಮ್ಮಲ್ಲಿನಂತೆ ಯಂತ್ರವಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಕಾಗದದ ಮತಪತ್ರದಲ್ಲಿ ತನಗೆ ಬೇಕಾದ ಅಭ್ಯರ್ಥಿಯ ಮುಂದೆ ದಾರಕ್ಕೆ ಕಟ್ಟಿಟ್ಟ ಸೀಸದ ಕಡ್ಡಿಯಿಂದ ಗುಣಾಕಾರದ (×) ಗುರುತು ಹಾಕಿ, ಮಡಿಸಿ ಪೆಟ್ಟಿಗೆಗೆ ಹಾಕಬೇಕು. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುವುದರಿಂದ ಹಗಲು ಪಾಳಿಯವರೂ ರಾತ್ರಿ ಪಾಳಿಯವರೂ ಹೋಗಿಬರಲು ಸಮಯವಿರುತ್ತದೆ. ಅದೂ ಆಗದಿದ್ದರೆ ಮುಂಚಿತವಾಗಿ ಅರ್ಜಿ ಹಾಕಿ ಅಂಚೆ ಮತ ಪಡೆಯಬಹುದು.